ಗ್ಯಾರೇಜಾ, ಐಟಿಐಯಾ? ಮೋಟಾರ್ ಮೆಕ್ಯಾನಿಕ್ ಓದುವ ಹುಡುಗನ ಪ್ರಕರಣ

ಹುಡುಗನಿಗೆ 17 ವರ್ಷ. ಮಧ್ಯ ಕರ್ನಾಟಕದ ಒಂದು ಸರ್ಕಾರಿ ಐಟಿಐ, ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಟ್ರೇಡ್, ಮೊದಲ ವರ್ಷ. ಎಸ್ಸೆಸ್ಸೆಲ್ಸಿ ಆದಮೇಲೆ ಸೇರುವ ಎರಡು ವರ್ಷದ ಕೋರ್ಸ್ ಇದು. ಸಲಹೆ ಕೇಳಲು ಅವನನ್ನು ನನ್ನ ಹತ್ತಿರ ಕರೆದುಕೊಂಡು ಬಂದವರು ತಾಯಿ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

"ಮೇಡಂ, ಬೆಳಗ್ಗೆ ಬುತ್ತಿ ಕಟ್ಟಿಸ್ಕೊಂಡು ಕಾಲೇಜಿಗೆ ಅಂತ ಹೊರಡ್ತಾನೆ, ಹೋಗೋದು ಮಾತ್ರ ನನ್ನ ತಮ್ಮನ ಗ್ಯಾರೇಜಿಗೆ" ಅಂದರು ತಾಯಿ. ಜನವರಿ ಹೊತ್ತಿಗೆ ಹಾಜರಾತಿ 60 ಪರ್ಸೆಂಟ್ ಆಸುಪಾಸಿಗೆ ಇಳಿದಿತ್ತು. 80 ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಇನ್ನು ಹೆಚ್ಚುಕಡಿಮೆ ಒಂದು ದಿನವೂ ತಪ್ಪಿಸದೆ ಬಂದರೆ ಮಾತ್ರ ದಡ ಸೇರುವ ಪರಿಸ್ಥಿತಿ.

ಹುಡುಗ ಮೊದಲು ಬಾಯೇ ಬಿಡಲಿಲ್ಲ. ಉಗುರಿನ ಸಂದಿಯಲ್ಲಿ ಗ್ರೀಸ್ ಇತ್ತು, ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡಿದ್ದ. ಕಾಲೇಜಿನ ಮಾತು ಬಿಟ್ಟು, ಗ್ಯಾರೇಜಲ್ಲಿ ಈಚೆಗೆ ಯಾವ ಗಾಡಿ ಜಾಸ್ತಿ ತಲೆ ತಿಂತು ಹೇಳು ಅಂದೆ. ಆಗ ಶುರುವಾಯಿತು ನೋಡಿ. ಒಂದು ಗೂಡ್ಸ್ ಗಾಡಿ ಬಂದಿತ್ತಂತೆ, ಸೆಲ್ಫ್ ಹೊಡೆಯುತ್ತಿರಲಿಲ್ಲ. ಬ್ಯಾಟರಿ ಡೌನ್ ಅಂತ ಹೊಸದು ಹಾಕಿ ಕಳಿಸಿದರು. ಎರಡೇ ದಿನಕ್ಕೆ ಅದೇ ಗಾಡಿ, ಅದೇ ಕಂಪ್ಲೇಂಟ್. ಮಾವ ಸ್ಟಾರ್ಟರ್ ಮೋಟಾರ್ ಬಿಚ್ಚಲು ಹೊರಟಾಗ ಇವನು ತಡೆದು, ಮಲ್ಟಿಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಟರ್ಮಿನಲ್‌ಗೂ ಇನ್ನೊಂದನ್ನು ಇಂಜಿನ್ ಬ್ಲಾಕ್‌ಗೂ ಇಟ್ಟು ಕೀ ತಿರುಗಿಸಲು ಹೇಳಿದ. ಅಲ್ಲಿ ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಬಾರದು. ಎರಡು ದಾಟಿತು. ಅಂದರೆ ಕರೆಂಟ್ ಹೋಗುವ ದಾರಿಯಲ್ಲೇ ತಡೆ ಇದೆ, ಬ್ಯಾಟರಿಯೂ ಸರಿ, ಮೋಟಾರೂ ಸರಿ, ಅರ್ತ್ ವೈರ್ ಕೂರುವ ಜಾಗದಲ್ಲಿ ತುಕ್ಕು. ಉಜ್ಜಿ, ಬೋಲ್ಟ್ ಬಿಗಿ ಮಾಡಿದ ಕೂಡಲೇ ಗಾಡಿ ಸ್ಟಾರ್ಟ್!

ಇದನ್ನ ಯಾರು ಹೇಳಿಕೊಟ್ಟಿದ್ದು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಲೇಜಲ್ಲಿ, ಜೆಟಿಒ ಸರ್ ತೋರಿಸಿದ್ರು" ಅಂದ. ಜೆಟಿಒ ಅಂದರೆ ಐಟಿಐಯಲ್ಲಿ ಕಲಿಸುವ ಕಿರಿಯ ತರಬೇತಿ ಅಧಿಕಾರಿ. ನೀನು ಹೋಗದೇ ಇದ್ದ ದಿನಗಳಲ್ಲಿ ಅವರು ಇನ್ನೂ ಏನೇನು ತೋರಿಸಿರಬಹುದು ಅಂತ ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ.

ಹಾಗಾದರೆ ತಪ್ಪಿಸುತ್ತಿದ್ದದ್ದು ಯಾಕೆ? ಎರಡು ಕಾರಣ ಹೊರಬಂದವು. ಮೊದಲನೆಯದು ದುಡ್ಡು. ತಂದೆ ಗಾರೆ ಕೆಲಸದವರು, ಮಳೆಗಾಲದಲ್ಲಿ ಬಿದ್ದು ಸೊಂಟ ಪೆಟ್ಟಾಗಿ ಕೆಲಸ ಕಮ್ಮಿಯಾಗಿದೆ. ಮನೆಯಲ್ಲಿ ಸಂಘದ ಸಾಲದ ವಾರದ ಕಂತು. ಮಾವ ದಿನಕ್ಕೆ ಕೊಡುವ 300 ರೂಪಾಯಿಯನ್ನು ಹುಡುಗ ಅಜ್ಜಿಯ ಕೈಗೆ ಕೊಟ್ಟು, ಅಮ್ಮನಿಗೆ ಹೇಳಬೇಡ ಅಂದಿದ್ದ. ಇದು ಸೋಮಾರಿತನ ಅಲ್ಲವೇ ಅಲ್ಲ. ಎರಡನೆಯದು ವರ್ಕ್‌ಶಾಪ್ ಕ್ಯಾಲ್ಕುಲೇಷನ್ ಅನ್ನುವ ಲೆಕ್ಕದ ವಿಷಯ. ಲೆಕ್ಕ ಅಂದರೆ ಅವನಿಗೆ ಹೈಸ್ಕೂಲಿನಿಂದಲೂ ಭಯ. ಬೋರ್ಡಿನ ಹತ್ತಿರ ಕರೆಯುತ್ತಾರೆ ಅಂತಲೇ ಆ ಪೀರಿಯಡ್ ತಪ್ಪಿಸಿದ, ಆಮೇಲೆ ಅರ್ಧ ದಿನ, ಆಮೇಲೆ ಇಡೀ ದಿನ. ತಪ್ಪಿಸುವ ಮಕ್ಕಳಲ್ಲಿ ನಾನು ಪದೇಪದೇ ನೋಡುವುದು ಇದನ್ನೇ, ಒಂದು ಪೀರಿಯಡ್ಡಿನ ಭಯ ಇಡೀ ಕೋರ್ಸನ್ನೇ ನುಂಗಿಬಿಡುತ್ತದೆ.

ಲೆಕ್ಕದ್ದು ಅಲ್ಲೇ ಕೂತು ಸ್ವಲ್ಪ ನೋಡಿದೆವು. ಸ್ಪ್ಲೆಂಡರ್ ಬೈಕ್ ಎಷ್ಟು ಸಿಸಿ ಅಂದೆ. ಥಟ್ಟನೆ "97.2" ಅಂದ. ಅದು ಎಲ್ಲಿಂದ ಬಂತು ಅಂದರೆ ಗೊತ್ತಿಲ್ಲ. ಬೋರ್, ಅಂದರೆ ಸಿಲಿಂಡರಿನ ಒಳ ವ್ಯಾಸ, 50 ಮಿಲಿಮೀಟರ್, ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 49.5, ಅದೂ ಅವನಿಗೇ ಗೊತ್ತಿತ್ತು. 50ನ್ನು 50ರಿಂದ ಗುಣಿಸು, 0.7854ರಿಂದ (ಪೈಯ ಕಾಲು ಭಾಗ) ಗುಣಿಸು, ಆಮೇಲೆ 49.5ರಿಂದ ಗುಣಿಸಿ ಸಾವಿರದಿಂದ ಭಾಗಿಸು ಅಂತ ಮೊಬೈಲ್ ಕೊಟ್ಟೆ. 97.19 ಅಂತ ಬಂತು. ಮತ್ತೊಂದು ಸಲ ತಾನೇ ಮಾಡಿ ನೋಡಿದ.

ಆಮೇಲೆ ಮಾವನನ್ನೂ ತಂದೆಯನ್ನೂ ಕರೆಸಿದೆ. ಮಾವ ಕೆಟ್ಟವರಲ್ಲ, ಅಕ್ಕನ ಮಗ ತನ್ನ ಕಣ್ಣೆದುರೇ ಕೆಲಸ ಕಲಿಯಲಿ ಅನ್ನುವ ಆಸೆ. "ಸರ್ಟಿಫಿಕೇಟ್ ಗಾಡಿ ರಿಪೇರಿ ಮಾಡುತ್ತಾ ಮೇಡಂ? ಕೈ ಪಳಗಬೇಕು" ಅಂದರು. ಕೈ ಪಳಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ 2020ರ ಏಪ್ರಿಲ್‌ನಿಂದ ಬರುತ್ತಿರುವ ಬಿಎಸ್ 6 (ಹೊಗೆ ಮಿತಿಯ ನಿಯಮ) ಗಾಡಿಗಳಲ್ಲಿ ಸೆನ್ಸರ್, ವೈರಿಂಗೇ ಜಾಸ್ತಿ, ಸ್ಕ್ಯಾನರ್ ಇಲ್ಲದೆ ಅಂದಾಜಿನ ಮೇಲೆ ಎಷ್ಟು ದಿನ ಕೆಲಸ ನಡೆಸೋದು, ಆ ಗೂಡ್ಸ್ ಗಾಡಿಯ ಬ್ಯಾಟರಿ ಸುಮ್ನೆ ಬದಲಾಯಿತಲ್ವಾ ಅಂತ ಕೇಳಿದೆ. ಅವರು ನಕ್ಕು ತಲೆಯಾಡಿಸಿದರು.

ತಂದೆ ಬೇಸರದಲ್ಲಿದ್ದರು. ಮಗ ಇಂಜಿನಿಯರ್ ಆಗಲಿ ಅಂತಿದ್ದವರು, ಐಟಿಐ ಅಂತ ನೆಂಟರ ಎದುರು ಹೇಳಿಕೊಳ್ಳಲೂ ಮುಜುಗರ. ಅವರಿಗೆ ಬಾಗಿಲು ಮುಚ್ಚಿಲ್ಲ ಅಂತ ಬಿಡಿಸಿ ಹೇಳಿದೆ. ಎರಡು ವರ್ಷದ ಐಟಿಐ ಪಾಸಾದರೆ ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಪ್ರವೇಶ ಇದೆ, ಅಲ್ಲಿಂದ ಇಂಜಿನಿಯರಿಂಗಿಗೂ ದಾರಿ ಇದೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಸ್ಟೈಪೆಂಡ್ ಸಮೇತ ಅಪ್ರೆಂಟಿಸ್ ಮಾಡಬಹುದು. ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೂ ಈ ಟ್ರೇಡಿನವರು ಅರ್ಜಿ ಹಾಕಬಹುದು. ಗ್ಯಾರೇಜಿನಲ್ಲೇ ಕಲಿತವನ ಕೈ ಎಷ್ಟೇ ಚೆನ್ನಾಗಿದ್ದರೂ ಈ ಬಾಗಿಲುಗಳು ಅವನಿಗೆ ಇಷ್ಟು ಸುಲಭವಾಗಿ ತೆರೆಯುವುದಿಲ್ಲ, ನನಗೆ ಸಂಕಟ ಆಗುವುದೇ ಇಲ್ಲಿ.

ಕೊನೆಗೆ ಕೊಟ್ಟ ಸಲಹೆ ಹೀಗಿತ್ತು. ತಾಯಿ ಜೊತೆ ಹೋಗಿ ಜೆಟಿಒ ಮತ್ತು ಪ್ರಿನ್ಸಿಪಾಲರನ್ನು ಕಂಡು, ಇದ್ದದ್ದನ್ನು ಇದ್ದಹಾಗೆ ಹೇಳುವುದು, ಸುಳ್ಳು ಮೆಡಿಕಲ್ ಸರ್ಟಿಫಿಕೇಟ್ ಬೇಡ. ಗ್ಯಾರೇಜ್ ಬಿಡುವುದು ಬೇಡ, ಸಂಜೆ ಎರಡು ಗಂಟೆ ಮತ್ತು ಭಾನುವಾರ ಮಧ್ಯಾಹ್ನದ ತನಕ ಸಾಕು, ಕಾಲೇಜು ಹೊತ್ತಿನಲ್ಲಿ ಬಂದರೆ ಮಾವನೇ ವಾಪಸ್ ಕಳಿಸಬೇಕು. ದುಡ್ಡಿನ ವಿಷಯ ಮನೆಯಲ್ಲಿ ಬಚ್ಚಿಡದೆ ಮಾತಾಡಬೇಕು. ತಂದೆ ಇಷ್ಟು ವರ್ಷ ಗಾರೆ ಕೆಲಸ ಮಾಡಿದರೂ ಕಾರ್ಮಿಕರ ಕಾರ್ಡ್ ಮಾಡಿಸಿರಲಿಲ್ಲ! 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬಹುದು, ಮಕ್ಕಳ ಓದಿಗೆ ಸಹಾಯಧನವೂ ಅಲ್ಲಿದೆ. ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ ವಿಚಾರಿಸಲು ಹೇಳಿದೆ, ಜೊತೆಗೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ.

ಲೆಕ್ಕ ಕಲಿಸುವ ಕೆಲಸವನ್ನು ತಂದೆಗೇ ವಹಿಸಿದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನೇನು ಕಲಿಸಲಿ ಅಂತ ಗಾಬರಿಯಾದರು. ಪಾಯ ಗುರುತು ಮಾಡುವಾಗ ಮೂಲೆಮಟ್ಟ ಹೇಗೆ ನೋಡ್ತೀರಿ ಅಂದೆ. "ಒಂದು ಕಡೆ ಮೂರಡಿ, ಇನ್ನೊಂದು ಕಡೆ ನಾಲ್ಕಡಿ ಗುರುತು ಹಾಕೋದು, ಅಡ್ಡ ಅಳತೆ ಐದಡಿ ಬಂದ್ರೆ ಮೂಲೆ ಸರಿ" ಅಂದರು. ಮಗ ತಿರುಗಿ ಅಪ್ಪನ ಮುಖ ನೋಡಿದ. ಅವನು ಓದಲಾರೆ ಅಂತಿದ್ದ ಪಾಠದಲ್ಲಿ ಇರುವುದು ಇದೇ ಪೈಥಾಗೊರಸ್ ಲೆಕ್ಕ. ದಿನಾ ರಾತ್ರಿ ಊಟ ಆದಮೇಲೆ ಅರ್ಧ ಗಂಟೆ ಇಬ್ಬರೂ ಟೇಪು, ಪೇಪರು ಹಿಡಿದು ಕೂರಬೇಕು ಅಂತ ಒಪ್ಪಿಸಿದೆ.

ಎಲ್ಲ ಸಲೀಸಾಗಿ ನಡೆಯಲಿಲ್ಲ. ಮಾರ್ಚಿನಲ್ಲಿ ಊರ ಜಾತ್ರೆಗೆ ಗಾಡಿಗಳು ಜಾಸ್ತಿ ಬಂದವು ಅಂತ ಮತ್ತೆ ಎರಡು ದಿನ ತಪ್ಪಿಸಿದ, ಮಾವನೂ ಸುಮ್ಮನಿದ್ದರು. ತಾಯಿ ಜಗಳ ಮಾಡಿ ಕಳಿಸಿದರು. ಹಾಜರಾತಿ ಅಂತೂ 80 ದಾಟಿತು, ಪ್ರಾಕ್ಟಿಕಲ್‌ನಲ್ಲಿ ಒಳ್ಳೆಯ ಅಂಕ ಬಂತು, ಥಿಯರಿಯಲ್ಲಿ ದಾಟಿಕೊಂಡ. ಈಗ ಎರಡನೇ ವರ್ಷ. ಅಪ್ಪನ ಕಾರ್ಡ್ ಕೈಗೆ ಬಂದಿದೆ, ಸಹಾಯಧನದ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ. ಡಿಪ್ಲೊಮಾನೋ ಅಪ್ರೆಂಟಿಸೋ ಅಂತ ಮನೆಯಲ್ಲಿ ಚರ್ಚೆ ನಡೆಯುತ್ತಿದೆ, ಅವಸರ ಬೇಡ ಅಂದಿದ್ದೇನೆ.