ಫ್ರೀಜರ್‌ನಲ್ಲಿ ಐಸ್ ಗಟ್ಟಿಯಾಗುತ್ತೆ, ಕೆಳಗೆ ಮಾತ್ರ ತಂಪಿಲ್ಲ. ಸೆನ್ಸರ್ ಹೋಗಿದೆಯಾ?

ಇರಬಹುದು, ಆದರೆ ಮೊದಲು ಗಾಳಿಯ ದಾರಿ ನೋಡಿ. ಫ್ರಾಸ್ಟ್ ಫ್ರೀ (ಹಿಮ ತಾನಾಗಿ ಕರಗುವ) ಫ್ರಿಜ್‌ಗಳಲ್ಲಿ ಸಾಮಾನ್ಯವಾಗಿ ಫ್ರೀಜರ್ ಹಿಂದಿನ ಕಾಯಿಲ್‌ನಿಂದಲೇ ತಂಪು ಬರುತ್ತದೆ. ಅದನ್ನು ಕೆಳಗೆ ತಳ್ಳುವುದು ಒಂದು ಸಣ್ಣ ಫ್ಯಾನ್. ಕಾಯಿಲ್ ಮೇಲಿನ ಹಿಮ ಕರಗಿಸುವ ಡಿಫ್ರಾಸ್ಟ್ ಹೀಟರ್ ಅಥವಾ ಅದರ ಸೆನ್ಸರ್ ಕೆಟ್ಟರೆ ಕಾಯಿಲ್ ತುಂಬಾ ಹಿಮ ಕಟ್ಟಿ ಗಾಳಿ ನಿಂತುಬಿಡುತ್ತದೆ.

ಪ್ಲಗ್ ತೆಗೆದು, ಬಾಗಿಲು ತೆರೆದು, ಹಿಮವೆಲ್ಲ ಕರಗಲು 24 ಗಂಟೆ ಬಿಡಿ. ಆಮೇಲೆ ಕೆಲವು ದಿನ ಚೆನ್ನಾಗಿ ಓಡಿ ಮತ್ತೆ ಕೈಕೊಟ್ಟರೆ, ತೊಂದರೆ ಹೆಚ್ಚಾಗಿ ಡಿಫ್ರಾಸ್ಟ್‌ನದ್ದೇ. ದಯವಿಟ್ಟು ಚಾಕುವಿನಿಂದ ಐಸ್ ಕೆರೆಯಬೇಡಿ. ಗ್ಯಾಸ್ ಪೈಪ್ ತೂತಾದರೆ ಖರ್ಚು ಜಾಸ್ತಿ.

ಮಲ್ಟಿಮೀಟರ್ (ವಿದ್ಯುತ್ ಅಳೆಯುವ ಉಪಕರಣ) ಇದ್ದರೆ ಸೆನ್ಸರನ್ನೂ ಪರೀಕ್ಷಿಸಬಹುದು. ಪ್ಲಗ್ ತೆಗೆದ ಮೇಲೆಯೇ ಅದರ ಕನೆಕ್ಟರ್ ಬಿಡಿಸಿ ಓಮ್ಸ್ (ವಿದ್ಯುತ್ ರೋಧ) ಅಳೆಯಿರಿ. ನಂತರ ಸೆನ್ಸರ್ ತುದಿಯನ್ನು ಐಸ್ ನೀರಿನ ಲೋಟದಲ್ಲಿ ಅದ್ದಿ. ಒಳ್ಳೆಯ ಸೆನ್ಸರ್ ಆದರೆ, ತಂಪಾದಂತೆ ಅಂಕಿ ನಿಧಾನವಾಗಿ ಏರುತ್ತಾ ಹೋಗಿ ಒಂದು ಕಡೆ ನಿಲ್ಲುತ್ತದೆ. ಹಲವು ಮಾಡೆಲ್‌ಗಳಲ್ಲಿ 25 ಡಿಗ್ರಿಯಲ್ಲಿ 10 ಕಿಲೋ ಓಮ್ ಇರುವುದು 0 ಡಿಗ್ರಿಯಲ್ಲಿ 30 ದಾಟುತ್ತದೆ. ಅಂಕಿ ಅಲುಗಾಡದಿದ್ದರೆ ಅಥವಾ ಸುಮ್ನೆ ಹಾರಾಡುತ್ತಿದ್ದರೆ ಸೆನ್ಸರ್ ಬದಲಿಸಿ.

ಸರಿಯಾಯ್ತಾ ಅಂತ ತಿಳಿಯಲು ನಡು ಶೆಲ್ಫ್‌ನಲ್ಲಿ ಒಂದು ಲೋಟ ನೀರಿಟ್ಟು, ಥರ್ಮಾಮೀಟರ್ ಅದ್ದಿ ರಾತ್ರಿಯಿಡೀ ಬಿಡಿ. ಬೆಳಗ್ಗೆ 4 ಡಿಗ್ರಿ ಅಥವಾ ಸ್ವಲ್ಪ ಕಡಿಮೆ ತೋರಿಸಬೇಕು.