ಪಂಚಾಂಗ ಬಿಡಿಸಿದರೆ ತಮ್ಮ ಕೋಳಿ ಅಂಕ ಬಿಡುತ್ತಾನಾ?

ಅಕ್ಕಾ, ತಮ್ಮ ಕುಕ್ಕುಟ ಪಂಚಾಂಗ ನೋಡಿಕೊಂಡು ಕೋಳಿ ಅಂಕಕ್ಕೆ, ಅಂದರೆ ಪಣ ಕಟ್ಟುವ ಕೋಳಿ ಕಾಳಗಕ್ಕೆ, ಹೋಗಿ ದುಡ್ಡು ಕಳೆಯುತ್ತಾನೆ, ಆ ನಂಬಿಕೆ ಬಿಡಿಸುವುದು ಹೇಗೆ ಅಂತ ಕೇಳಿದ್ದೀರಿ. ಓದುತ್ತಿದ್ದಂತೆ ಎದೆ ಧಸಕ್ಕೆಂದಿತು. 11 ವರ್ಷ ನಾನು ಮಾಡಿದ್ದೂ ಅದನ್ನೇ.

ನಾನು ಮಲ್ಪೆ ಬಂದರಿನಲ್ಲಿ ಲೆಕ್ಕ ಬರೆಯುವವ. ಮೀನು, ಐಸು, ಡೀಸೆಲ್ಲು ಎಲ್ಲದರ ಲೆಕ್ಕ ನನ್ನ ಕೈಯಲ್ಲೇ. ಯಾವ ನಕ್ಷತ್ರದ ದಿನ ಯಾವ ಬಣ್ಣದ ಕೋಳಿ ಗೆಲ್ಲುತ್ತದೆ ಅಂತ ಪಂಚಾಂಗ ಹೇಳುತ್ತದಲ್ಲ, ಅದನ್ನು ಪರೀಕ್ಷಿಸಲು ಸಣ್ಣದೊಂದು ಪುಸ್ತಕ ಇಟ್ಟೆ. ಎಡವಿದ್ದು ಅಲ್ಲೇ. ಗೆದ್ದ ದಿನ ಮಾತ್ರ ಬರೆದೆ. ರೋಹಿಣಿ, ಬೊಳ್ಳೆ (ಬಿಳಿ ಕೋಳಿ), ಎರಡು ಸಾವಿರ, ಕೆಂಪು ಶಾಯಿಯಲ್ಲಿ. ಸೋತ ದಿನ ಬರೆಯುತ್ತಿರಲಿಲ್ಲ. ಸೋಲಿಗೆ ಏನಾದರೂ ಕಾರಣ ಇದ್ದೇ ಇರುತ್ತಿತ್ತು: ಕೋಳಿ ಬಿಟ್ಟ ದಿಕ್ಕು ತಪ್ಪು, ಘಳಿಗೆ ಮೀರಿತ್ತು, ಹೊರಡುವಾಗ ಯಾರೋ ಎಲ್ಲಿಗೆ ಅಂತ ಕೇಳಿದ್ದರು. ಕಾರಣ ಸಿಕ್ಕಿದ ಮೇಲೆ ಅದು ಸೋಲಲ್ಲ ಅಂತ ನನ್ನ ಎಣಿಕೆ. ಕಣದಲ್ಲಿರುವುದು ಎರಡೇ ಕೋಳಿ ಅಕ್ಕಾ. ಕಣ್ಣು ಮುಚ್ಚಿ ಒಂದರ ಮೇಲೆ ಕಟ್ಟಿದರೂ ಹೆಚ್ಚುಕಡಿಮೆ ಅರ್ಧ ಸಲ ಗೆಲ್ಲುತ್ತೀರಿ. ಆ ಅರ್ಧವನ್ನಷ್ಟೇ ಬರೆದಿಟ್ಟರೆ ಪುಸ್ತಕದಲ್ಲಿ ಪಂಚಾಂಗ ತಪ್ಪುವುದೇ ಇಲ್ಲ. 40 ಪುಟ ತುಂಬಿತ್ತು. ಅದನ್ನೇ ಹೆಂಡತಿಯ ಮುಂದೆ ಹಿಡಿದು "ನೋಡು, ನನಗೆ ಯೋಗ ಇದೆ" ಅಂದೆ. ಅವಳು ನಾಲ್ಕು ಬಳೆ ಬಿಚ್ಚಿಕೊಟ್ಟಳು. ಸೊಸೈಟಿಯಲ್ಲಿ ಅಡವಿಟ್ಟೆ. ಬಡ್ಡಿ ಬಾಕಿ ಬೆಳೆಯುತ್ತಾ ಹೋಯಿತು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧ, ಕೈಯಲ್ಲಿ ಕಾಸಿಲ್ಲ. ಮಳೆ ಮುಗಿಯುವಷ್ಟರಲ್ಲಿ ಬಳೆ ಹರಾಜಿಗೆ ಹೋದವು.

ನಂಬಿಕೆ ಬಿಡಿಸಲು ಹೋಗಲೇಬೇಡಿ ಅಂತ ನಾನು ಹೇಳುವುದು. ನನ್ನಮ್ಮ ನನಗಿಂತ ಹೆಚ್ಚು ತಿಥಿ, ನಕ್ಷತ್ರ ನೋಡುವವರು, ಜನ್ಮದಲ್ಲಿ ಒಂದು ರೂಪಾಯಿ ಪಣ ಕಟ್ಟಿದವರಲ್ಲ. ನಾನು ಈಗಲೂ ದೈವದ ಕೋಲಕ್ಕೆ ಹೋಗುತ್ತೇನೆ, ಗಂಧಪ್ರಸಾದ ತೆಗೆದುಕೊಳ್ಳುತ್ತೇನೆ. ಸೋತವನಿಗೆ ಮರುದಿನ ಮತ್ತೆ ಹೋಗಲು ಒಂದು ನೆಪ ಬೇಕು, ಪಂಚಾಂಗ ನನಗೆ ಆ ನೆಪವಾಗಿತ್ತು. ಅದಿಲ್ಲದಿದ್ದರೆ ಕನಸಿನಲ್ಲಿ ಕಂಡ ನಂಬರ್ ಹಿಡಿದು ಮಟ್ಕಾಕ್ಕೆ ಹೋಗುತ್ತಿದ್ದೆ. ನನ್ನ ಮಾವ ದೈವ, ಶಾಸ್ತ್ರ ಎಲ್ಲ ಸುಳ್ಳು ಅಂತ ಬೈದರು. ಆ ಸಿಟ್ಟಿನಲ್ಲಿ ಅವತ್ತೇ ಅಂಕಕ್ಕೆ ಹೋದೆ.

ತಮ್ಮನ ಬ್ಯಾಂಕ್ ಪಾಸ್‌ಬುಕ್ ಇಟ್ಟುಕೊಂಡು ಅವನ ಕೈಯಿಂದಲೇ ಸೋತ ದಿನಗಳನ್ನು ಬರೆಸಿ. ನನ್ನಿಂದ ಬರೆಸಿದ್ದು ಹೆಂಡತಿ, ಎರಡನೇ ಪುಟಕ್ಕೆ ಕೈ ನಡುಗಿತು. ಅವನ ಸಾಲ ಮಾತ್ರ ನೀವು ತೀರಿಸಬೇಡಿ, ತೀರಿದ ಸಾಲ ಅವನಿಗೆ ಹೊಸ ಬಂಡವಾಳ. ಆಮೇಲೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲೇ ಜುಗಾರಿಯನ್ನು ಕುಡಿತದ ಸಾಲಿಗೆ, ವ್ಯಸನದ ಕಾಯಿಲೆಗಳ ಜೊತೆ ಸೇರಿಸಿದೆ. ಅದು ಗೊತ್ತಾದ ದಿನ ನನ್ನ ನಾಚಿಕೆ ಅರ್ಧ ಇಳಿಯಿತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ ಇದೆ, ನಂಬರ್ 14416, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೇಡ. ತಮ್ಮ ಒಪ್ಪಲಿ ಅಂತ ಕಾಯಬೇಡಿ, ಇವತ್ತು ರಾತ್ರಿ ನೀವೇ ಫೋನ್ ಮಾಡಿ.