ನಡುಗುವ ಕೈ ಹೇಳಿದ್ದು

ಗುರುತು ಸಿಗದಿರಲೆಂದು ವಯಸ್ಸು, ಮನೆಯ ವಿವರ ಬದಲಿಸಿದ್ದೇನೆ. ಕಸುಬನ್ನು ಪೂರ್ತಿ ಮರೆಮಾಡಲು ಆಗಲಿಲ್ಲ. ಬೆರಳ ತುದಿಯ ಕೆಲಸ ಎಂಬುದನ್ನು ತೆಗೆದರೆ ಈ ಪ್ರಕರಣವೇ ಉಳಿಯುವುದಿಲ್ಲ. ಗಡಿಯಾರ ರಿಪೇರಿ ಎಂದಿಟ್ಟುಕೊಳ್ಳಿ.

ನನ್ನ ಬಳಿ ಸಮಾಲೋಚನೆಗೆ ಗಂಡ ಹೆಂಡತಿ ಒಟ್ಟಿಗೇ ಬಂದಿದ್ದರು. ಮಾತು ಶುರುಮಾಡಿದ್ದು ಆಕೆ. "ಇವರು ಲಿಥಿಯಂ ನಿಲ್ಲಿಸ್ತೀನಿ ಅಂತ ಹಟ ಹಿಡಿದಿದಾರೆ ಮೇಡಂ. ನೀವೇ ಸ್ವಲ್ಪ ಬುದ್ಧಿ ಹೇಳಿ." ಗಂಡನಿಗೆ ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಉನ್ಮಾದಕ್ಕೂ ಖಿನ್ನತೆಗೂ ತೂಗಾಡುವುದು. ಅದನ್ನು ಹತೋಟಿಯಲ್ಲಿಡುವ ಔಷಧ ಲಿಥಿಯಂ. ಉನ್ಮಾದ ಏರಿದಾಗ ರಾತ್ರಿಯೆಲ್ಲ ಎಚ್ಚರ, ಸಾಲ ತಂದು ಕಂಡಕಂಡವರಿಗೆ ಹಂಚಿದ್ದು, ಕೊನೆಗೆ ಆಸ್ಪತ್ರೆ. ಲಿಥಿಯಂ ಶುರುವಾದ ಮೇಲೆ ನಾಲ್ಕು ವರ್ಷ ಮನೆ ತಣ್ಣಗಿತ್ತು. ಆ ನಾಲ್ಕು ವರ್ಷ ಕೈಜಾರಿ ಹೋಗುತ್ತದೆಂಬುದು ಆಕೆಯ ಭಯ.

ನಿಜ ಹೇಳಬೇಕೆಂದರೆ, ಮೊದಲ ಇಪ್ಪತ್ತು ನಿಮಿಷ ನಾನೂ ಆಕೆಯ ಪಕ್ಷವೇ. ಚೆನ್ನಾಗಿದ್ದೇನೆ ಅನ್ನಿಸಿದ ಕೂಡಲೇ ಮಾತ್ರೆ ಬಿಡುವವರನ್ನು ಎಷ್ಟೋ ಕಂಡಿದ್ದೇನೆ. ಟಿಪ್ಪಣಿಯಲ್ಲಿ 'ಕಾಯಿಲೆಯ ಅರಿವು ಕಡಿಮೆ' ಎಂದು ಬರೆದೂ ಆಗಿತ್ತು. ಲಿಥಿಯಂ ತಟ್ಟನೆ ಬಿಟ್ಟರೆ ಉನ್ಮಾದ ಮರುಕಳಿಸಬಹುದು, ಆತ್ಮಹತ್ಯೆಯ ಅಪಾಯವೂ ಏರುತ್ತದೆ ಎಂದು ವಿವರಿಸಿದೆ. ಅವರು ವಾದಿಸಲಿಲ್ಲ. "ಅದೆಲ್ಲ ಗೊತ್ತು ಮೇಡಂ. ಮೊದಲು ಇಷ್ಟು ಕೈ ನಡುಗ್ತಿರಲಿಲ್ಲ, ನಾನು ಹೇಳ್ತಿರೋದು ಅಷ್ಟೇ."

ಮೊದಲು ಎಂದರೆ ಯಾವಾಗ? ಬಂದು ಕೂತ ತಕ್ಷಣ ಕೇಳಬೇಕಿದ್ದ ಪ್ರಶ್ನೆ. ಲಿಥಿಯಂ ತೆಗೆದುಕೊಳ್ಳುವವರಲ್ಲಿ ಬೆರಳಿನ ಸಣ್ಣ ನಡುಕ ಸಾಮಾನ್ಯ. ಅವರಿಗೂ ಇತ್ತು, ಅದರಲ್ಲೇ ಕೆಲಸ ಸಾಗಿತ್ತು. ಈಗಿನದು ಬೇರೆ ಥರ. ಲೋಟ ಎತ್ತಿದಾಗ ಮಣಿಕಟ್ಟೇ ಅದುರುತ್ತಿದ್ದುದನ್ನು ನಾನು ಕಂಡೆ. ಮೂರು ದಿನದಿಂದ ಭೇದಿ. ಮೆಟ್ಟಿಲಿಳಿಯುವಾಗ ಮೈ ಓಲಾಡುತ್ತದಂತೆ. ಬೇರೆ ಔಷಧವೇನಾದರೂ ಉಂಟೇ ಎಂದರೆ "ಏನಿಲ್ಲ" ಎಂದವರು, ಸ್ವಲ್ಪ ಹೊತ್ತು ಬಿಟ್ಟು, "ಮಂಡಿನೋವಿಗೆ ಐಬುಪ್ರೊಫೇನ್ ತಗೋತಿದೀನಿ, ಅದೂ ಲೆಕ್ಕಕ್ಕೆ ಬರುತ್ತಾ?" ಎಂದರು. ಮೂರು ವಾರದಿಂದ, ದಿನಕ್ಕೆ ಮೂರು. ಚೀಟಿಯಿಲ್ಲದೆ ಸಿಗುವುದನ್ನು ಜನ ಔಷಧವೆಂದು ಎಣಿಸುವುದೇ ಇಲ್ಲ.

ಲಿಥಿಯಂ ದೇಹದಿಂದ ಹೊರಬೀಳುವುದು ಮೂತ್ರಪಿಂಡದ ಮೂಲಕ. ಐಬುಪ್ರೊಫೇನ್ ಜಾತಿಯ ನೋವಿನ ಮಾತ್ರೆಗಳು ಅದಕ್ಕೆ ಅಡ್ಡಿಮಾಡುತ್ತವೆ. ಡೋಸ್ ಅಷ್ಟೇ ಇದ್ದರೂ ರಕ್ತದಲ್ಲಿ ಲಿಥಿಯಂ ಏರುತ್ತದೆ. ಭೇದಿಯಾಗಿ ನೀರಿನಂಶ ಹೋದರೆ ಇನ್ನಷ್ಟು. ಸಾಮಾನ್ಯವಾಗಿ ಬೇಕಾದ ಮಟ್ಟ ಲೀಟರಿಗೆ 0.6ರಿಂದ 1.0 ಮಿಲಿಮೋಲ್, 1.5 ದಾಟಿತೆಂದರೆ ವಿಷದ ಲಕ್ಷಣಗಳು. ಎಡವಲು ಇರುವ ಜಾಗ ಅಷ್ಟೇ. 1949ರಲ್ಲಿ ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ ಉನ್ಮಾದಕ್ಕೆ ಲಿಥಿಯಂ ಹಿಡಿಸುತ್ತದೆಂದು ಪ್ರಕಟಿಸಿದರು. ಅವರ ಮೊದಲ ರೋಗಿ ಸುಧಾರಿಸಿ ಮನೆಗೆ ಹೋದವನು, ಮರುವರ್ಷ ಲಿಥಿಯಂ ವಿಷವೇರಿಯೇ ತೀರಿಕೊಂಡ. ರಕ್ತದಲ್ಲಿ ಅದನ್ನು ಅಳೆದು ನೋಡುವ ರೂಢಿ ಆಗಿನ್ನೂ ಇರಲಿಲ್ಲ.

ನಾನು ಔಷಧ ಬರೆಯುವವಳಲ್ಲ. ಅಲ್ಲಿಂದಲೇ ಅವರ ಮನೋವೈದ್ಯರಿಗೆ ಫೋನ್ ಮಾಡಿದೆ. ನೇರ ತುರ್ತು ವಿಭಾಗಕ್ಕೆ ಕಳಿಸಿ ಎಂದರು. ಮಟ್ಟ 1.8 ಇತ್ತು. ಲಿಥಿಯಂ, ನೋವಿನ ಮಾತ್ರೆ ಎರಡನ್ನೂ ನಿಲ್ಲಿಸಿ ಡ್ರಿಪ್ ಹಾಕಿದರು. ಬೇಡವೆಂದು ನಾನು ಇಪ್ಪತ್ತು ನಿಮಿಷ ವಾದಿಸಿದ್ದನ್ನೇ ವೈದ್ಯರು ಮೊದಲು ಮಾಡಿದ್ದು! ಆಮೇಲೆ ಅವರ ನಿಗಾದಲ್ಲೇ ಕಡಿಮೆ ಡೋಸಿನಿಂದ ಮತ್ತೆ ಶುರುಮಾಡಿದರು, ಮಟ್ಟ 0.7ಕ್ಕೆ ಬಂದು ನಿಂತಿತು.

ಮುಂದಿನ ಭೇಟಿಯಲ್ಲಿ ಅವರಿಗೆ ಹೇಳಿದ್ದು ಇಷ್ಟು. ಯಾವ ವೈದ್ಯರ ಬಳಿ ಹೋದರೂ, ಯಾವ ಮೆಡಿಕಲ್ ಸ್ಟೋರ್‌ನಲ್ಲಿ ನಿಂತರೂ, ಲಿಥಿಯಂ ತೆಗೆದುಕೊಳ್ಳುತ್ತೇನೆಂದು ಮೊದಲು ಹೇಳಿ. ವಾಂತಿ, ಭೇದಿ, ಜೋರು ಜ್ವರ ಬಂದರೆ, ನಡುಕ ಹೆಚ್ಚಿದರೆ, ಮಾತು ತೊದಲಿದರೆ ಅದೇ ದಿನ ವೈದ್ಯರಿಗೆ ತಿಳಿಸಿ, ಮರುದಿನಕ್ಕೆ ಕಾಯಬೇಡಿ. ಉಪ್ಪನ್ನು ಒಮ್ಮೆಲೇ ಬಿಡಬೇಡಿ, ಅದರಿಂದಲೂ ಮಟ್ಟ ಏರುತ್ತದೆ. ಪರೀಕ್ಷೆಗೆ ರಕ್ತ ಕೊಡುವುದು ಕೊನೆಯ ಡೋಸ್ ಆಗಿ 12 ಗಂಟೆ ಕಳೆದ ಮೇಲೆ. ಬೆಳಿಗ್ಗೆ ಮಾತ್ರೆ ನುಂಗಿಯೇ ಹೋದರೆ ಬರುವ ಅಂಕಿ ನಂಬುವಂಥದ್ದಲ್ಲ. ಥೈರಾಯ್ಡ್, ಮೂತ್ರಪಿಂಡದ ಪರೀಕ್ಷೆಯನ್ನು ಆರು ತಿಂಗಳಿಗೊಮ್ಮೆ ತಪ್ಪಿಸಬೇಡಿ.

ಆಕೆಗೆ ಹೇಳುವುದು ಕಷ್ಟವಾಯಿತು. ದಿನಾ ರಾತ್ರಿ ಮಾತ್ರೆ ಎಣಿಸಿಡುತ್ತಿದ್ದರು, ಗಂಡ ನುಂಗುವವರೆಗೆ ಕದಲುತ್ತಿರಲಿಲ್ಲ. ಅದು ಕಾವಲಾಗಿಬಿಟ್ಟಿದೆ, "ಇವತ್ತು ಮೈ ಹೇಗಿದೆ" ಎಂದು ಕೇಳಿ ನೋಡಿ ಎಂದೆ. ಆಕೆ ಅತ್ತರು. ಮಂಡಿನೋವಿನ ಮಾತ್ರೆ ತಂದುಕೊಟ್ಟದ್ದು ತಾವೇ ಎಂದರು. ಅದು ತಪ್ಪಲ್ಲ, ಯಾರೂ ಹೇಳಿರಲಿಲ್ಲ ಎಂದೆ. ಎಷ್ಟು ಸಮಾಧಾನವಾಯಿತೋ ಕಾಣೆ.

ಲಿಥಿಯಂ ಬಿಡುವ ಆಸೆ ಅವರಿಗೆ ಇನ್ನೂ ಹೋಗಿಲ್ಲ. ಬಿಡುವುದಾದರೆ ತಿಂಗಳುಗಟ್ಟಲೆ, ಹಂತಹಂತವಾಗಿ ಎಂದು ಮನೋವೈದ್ಯರು ಹೇಳಿದ್ದಾರೆ. ಸದ್ಯಕ್ಕೆ ಈ ವರ್ಷ ಬೇಡವೆಂದು ಮೂವರೂ ಕೂತು ತೀರ್ಮಾನಿಸಿದ್ದಾರೆ. ಉಳಿದ ಸಣ್ಣ ನಡುಕಕ್ಕೆ ಪ್ರೊಪ್ರಾನೊಲಾಲ್ ಕೊಟ್ಟಿದ್ದಾರೆ. ದೊಡ್ಡ ಗಡಿಯಾರಗಳ ಕೆಲಸ ಮತ್ತೆ ಹಿಡಿದಿದ್ದಾರೆ, ಕೈಗಡಿಯಾರ ಇನ್ನೂ ಮುಟ್ಟಿಲ್ಲ.